ಶಾಲೆಯ ಕಂಪ್ಯೂಟರ್ ಲ್ಯಾಬ್‌ಗೆ ಓಪನ್ ಸೋರ್ಸ್ ಹಾಕಿದರೆ ದುಡ್ಡು ಉಳಿಯುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ಸಣ್ಣ ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು, ಕೆಲವೊಮ್ಮೆ ಪೋಷಕರು ಕೇಳುವ ಪ್ರಶ್ನೆಗಳಿವು. ಶಾಲೆಗಳ ಲ್ಯಾಬ್‌ಗಳಲ್ಲಿ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಎಂಬ ಓಪನ್ ಸೋರ್ಸ್ (ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ) ಆಪರೇಟಿಂಗ್ ಸಿಸ್ಟಂ ಹಾಕಿಕೊಡುವ ಕೆಲಸದಲ್ಲಿ ಕೈಯಾಡಿಸುವವನಾದ್ದರಿಂದ ನನ್ನ ಒಲವು ಯಾವ ಕಡೆ ಎಂದು ಬೇರೆ ಹೇಳಬೇಕಿಲ್ಲ. ಆದರೂ ಲೆಕ್ಕವನ್ನು ಲೆಕ್ಕವಾಗಿಯೇ ಇಟ್ಟಿದ್ದೇನೆ.

ಸುತ್ತಿ ಬಳಸಿ ಬೇಡ. ದುಡ್ಡು ಉಳಿಯುತ್ತದಾ, ಇಲ್ಲವಾ?

ಉಳಿಯುತ್ತದೆ. ಆದರೆ ಹೆಚ್ಚಿನವರು ಲೈಸೆನ್ಸ್ ದುಡ್ಡು ಉಳಿಯುತ್ತದೆ ಅಂದುಕೊಂಡು ಬರುತ್ತಾರೆ, ಉಳಿತಾಯ ಅಲ್ಲಿ ಸಿಗುವುದು ಕಡಿಮೆ. ಹೊಸ ಯಂತ್ರ ಕೊಂಡರೆ ವಿಂಡೋಸ್ ಸಾಮಾನ್ಯವಾಗಿ ಅದರೊಳಗೇ ಬಂದಿರುತ್ತದೆ. ಶಾಲೆಗಳಿಗೆ ಮೈಕ್ರೋಸಾಫ್ಟ್ ರಿಯಾಯಿತಿ ದರವನ್ನೂ ಇಟ್ಟಿದೆ. ಉಳಿದವರು ಕ್ರ್ಯಾಕ್, ಅಂದರೆ ಕಳ್ಳ ಪ್ರತಿ, ಹಾಕಿಸಿಕೊಂಡಿರುತ್ತಾರೆ. ಹಾಗಾಗಿ ನಿಮ್ಮ ಕ್ಯಾಶ್ ಬುಕ್ ತೆಗೆದು ನೋಡಿದರೆ "ತಂತ್ರಾಂಶ" ಎಂಬ ಬಾಬ್ತಿನಲ್ಲಿ ಖರ್ಚೇ ಬಿದ್ದಿರುವುದಿಲ್ಲ. ಮಾಡದ ಖರ್ಚನ್ನು ಉಳಿಸುವುದು ಹೇಗೆ?

ಉಳಿಯುವುದು ಬೇರೆ ಕಡೆ. ಗುಜರಿಗೆ ಹೋಗಬೇಕಿದ್ದ ಯಂತ್ರ ಇನ್ನೂ ನಾಲ್ಕೈದು ವರ್ಷ ಓಡುತ್ತದೆ. ವೈರಸ್ ಬಂತೆಂದು ವರ್ಷಕ್ಕೆರಡು ಸಲ ಫಾರ್ಮ್ಯಾಟ್ ಮಾಡಿಸುವ ಖರ್ಚು ನಿಲ್ಲುತ್ತದೆ. ವರ್ಷ ವರ್ಷ ಕಟ್ಟುವ ಆಂಟಿವೈರಸ್ ಚಂದಾ ಇರುವುದಿಲ್ಲ. ಹೀಗೆ ಉಳಿದದ್ದರಲ್ಲಿ ಒಂದು ಪಾಲನ್ನು ಶಿಕ್ಷಕರ ತರಬೇತಿಗೆ, ಯಂತ್ರಗಳ ದುರಸ್ತಿಗೆ ಎತ್ತಿಡಲೇಬೇಕು. ಅದಕ್ಕೆ ಒಪ್ಪದ ಶಾಲೆಗೆ ನಾನು ಲಿನಕ್ಸ್ ಹಾಕಿ ಅಂತ ಹೇಳುವುದಿಲ್ಲ.

ಕೇರಳದವರು 3,000 ಕೋಟಿ ಉಳಿಸಿದರು ಅಂತಾರಲ್ಲ?

2019ರಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆಧರಿಸಿದ ತನ್ನ ಹೊಸ ಆಪರೇಟಿಂಗ್ ಸಿಸ್ಟಂ ಬಿಡುಗಡೆ ಮಾಡುವಾಗ ಹೇಳಿದ ಅಂಕಿ ಅದು. ಲೆಕ್ಕ ಸರಳ: ಶಾಲೆಗಳಲ್ಲಿರುವ 2 ಲಕ್ಷ ಯಂತ್ರ, ಒಂದೊಂದಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿಯ ಲೈಸೆನ್ಸ್. ಆಪರೇಟಿಂಗ್ ಸಿಸ್ಟಂ, ಆಫೀಸ್, ಚಿತ್ರ ಬಿಡಿಸುವ, ವಿಡಿಯೊ ಕತ್ತರಿಸುವ ತಂತ್ರಾಂಶಗಳನ್ನೆಲ್ಲ ಪ್ರತಿ ಯಂತ್ರಕ್ಕೂ ದುಡ್ಡು ಕೊಟ್ಟು ಕೊಂಡಿದ್ದರೆ ಆಗುತ್ತಿದ್ದ ಮೊತ್ತ. ಆದರೆ ಒಂದೂವರೆ ಲಕ್ಷದ ತಂತ್ರಾಂಶವನ್ನು ಯಾವ ಸರ್ಕಾರಿ ಶಾಲೆ ಕೊಳ್ಳುತ್ತಿತ್ತು? ಆದ್ದರಿಂದ ಆ 3,000 ಕೋಟಿಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಉದಾಹರಣೆ ಕೊಡುವ ಮುನ್ನ ಯೋಚಿಸಿ. ಲೆಕ್ಕ ಬಲ್ಲ ಸದಸ್ಯರೊಬ್ಬರಿದ್ದರೆ ಅಲ್ಲೇ ಹಿಡಿಯುತ್ತಾರೆ.

ಕೇರಳದಿಂದ ಕಲಿಯಬೇಕಾದದ್ದು ಬೇರೆ ಇದೆ. ಅಲ್ಲಿ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾದಾಗ ಪಾಠವೆಲ್ಲ ವಿಂಡೋಸ್ ಸುತ್ತಲೇ ಇತ್ತು. ಶಿಕ್ಷಕರ ಸಂಘಟನೆಯವರು, ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಪಟ್ಟು ಹಿಡಿದರು. ಅದೇ ವರ್ಷ ಸ್ವತಂತ್ರ ತಂತ್ರಾಂಶ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಆ ಚಳವಳಿಯ ಸಂಸ್ಥೆ ಎಫ್‌ಎಸ್‌ಎಫ್ ಇಂಡಿಯಾ ಉದ್ಘಾಟಿಸಿದ್ದರು, ಗಾಳಿ ಆ ಕಡೆಗೇ ಬೀಸುತ್ತಿತ್ತು. ಮುಂದಿನ ವರ್ಷಗಳಲ್ಲಿ ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆಯೇ ಲಿನಕ್ಸ್ ಮೇಲೆ ನಡೆಯತೊಡಗಿತು. ಪರೀಕ್ಷೆಗೆ ಬಂದ ಮೇಲೆ ಕೇಳಬೇಕೇ, ಇಡೀ ವ್ಯವಸ್ಥೆ ಆ ಕಡೆ ತಿರುಗಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ತರಬೇತಿ ಕೊಟ್ಟವರು ಹೊರಗಿನ ಕಂಪನಿಯವರಲ್ಲ, ನಿಯೋಜನೆ ಮೇಲೆ ಬಂದ ಶಾಲಾ ಶಿಕ್ಷಕರೇ. ಅವರಿಗೇ ಯಂತ್ರ ಬಿಚ್ಚಿ ಜೋಡಿಸುವುದನ್ನೂ ಕಲಿಸಿದರು. 2018ರಿಂದ 'ಲಿಟ್ಲ್ ಕೈಟ್ಸ್' ಹೆಸರಿನಲ್ಲಿ ಮಕ್ಕಳ ಐಟಿ ಕ್ಲಬ್‌ಗಳಿವೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಮಕ್ಕಳಿಗೆ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕ ಕನ್ನಡದಲ್ಲೇ ಅಚ್ಚಾಗುತ್ತದೆ. ಅಂದರೆ ಮಂಜೇಶ್ವರದ ಕನ್ನಡದ ಹುಡುಗಿ ಲಿನಕ್ಸ್ ಮೇಲೆ ಕಂಪ್ಯೂಟರ್ ಕಲಿಯುತ್ತಾಳೆ. ಗಡಿಯ ತಲಪಾಡಿ ದಾಟಿ ಈಚೆ ಬಂದರೆ ಅದೇ ವಯಸ್ಸಿನ ಹುಡುಗನಿಗೆ ಲಿನಕ್ಸ್ ಹೆಸರೂ ಗೊತ್ತಿರುವುದಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಏನೂ ಆಗಿಲ್ಲವೇ?

ಆಗಿದೆ, ಬೇರು ಬಿಡಲಿಲ್ಲ. ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ ಐಸಿಟಿ ಯೋಜನೆ ಇಲ್ಲಿ 'ಬೂಟ್' ಮಾದರಿಯಲ್ಲಿ ನಡೆಯಿತು. ಖಾಸಗಿ ಸಂಸ್ಥೆಯೊಂದು ಯಂತ್ರ ಹಾಕಿ, ಬೋಧಕರನ್ನೂ ತಾನೇ ನೇಮಿಸಿ, ಐದು ವರ್ಷ ನಡೆಸಿ, ಆಮೇಲೆ ಶಾಲೆಗೆ ಬಿಟ್ಟುಕೊಟ್ಟು ಹೋಗುವ ಪದ್ಧತಿ ಅದು. ಅವಧಿ ಮುಗಿದ ದಿನ ಬೋಧಕರು ಹೋದರು, ಯಂತ್ರಗಳು ಉಳಿದವು. ಶಾಲೆಯ ಶಿಕ್ಷಕರಿಗೆ ಅದರ ಮೇಲೆ ಕೈಯಿಟ್ಟು ಅಭ್ಯಾಸವೇ ಇರಲಿಲ್ಲ. ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ಆ ಕೊಠಡಿಗೆ ಹೋದರೆ ಯಂತ್ರಗಳ ಮೇಲೆ ಹೊಲಿಸಿದ ಬಟ್ಟೆ ಕವರ್ ಇರುತ್ತದೆ, ಕವರ್ ಮೇಲೆ ಧೂಳಿರುತ್ತದೆ.

ಇದರ ನಡುವೆಯೇ ಒಳ್ಳೆಯ ಕೆಲಸವೊಂದು ನಡೆಯಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ನಡೆಸಿತು. ಎಸ್‌ಟಿಎಫ್ ಅಂದರೆ ಹಳೆಯ ಗಣಿತ, ವಿಜ್ಞಾನ ಮೇಷ್ಟ್ರುಗಳು ಈಗಲೂ ನೆನಪಿಸಿಕೊಳ್ಳುತ್ತಾರೆ. ಉಬುಂಟು ಮೇಲೆ ತರಬೇತಿ, ಇಮೇಲ್ ಗುಂಪುಗಳಲ್ಲಿ ಪ್ರಶ್ನೆಪತ್ರಿಕೆ, ಪಾಠ ಟಿಪ್ಪಣಿಗಳ ವಿನಿಮಯ, ಅದರಿಂದ ಹುಟ್ಟಿದ ಕೊಯರ್ ಎಂಬ ಕನ್ನಡದ ಮುಕ್ತ ಸಂಪನ್ಮೂಲ ತಾಣ. ಯೋಜನೆ ಯೋಜನೆಯಾಗಿಯೇ ಇದ್ದದ್ದರಿಂದ ಮುಗಿದ ಮೇಲೆ ಚದುರಿತು.

ನೀತಿಯ ಕಾಗದ ಬೇಕು ಅನ್ನುವವರಿಗೆ: 2012ರ ರಾಷ್ಟ್ರೀಯ ಶಾಲಾ ಐಸಿಟಿ ನೀತಿ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಕೊಡುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಿಗೂ ಅಂಥದ್ದೇ ನೀತಿ ತಂದಿತು. ಬಿಇಒ ಕಚೇರಿಯಲ್ಲಿ ಯಾರಾದರೂ "ಇದಕ್ಕೆ ಪರ್ಮಿಷನ್ ಇದೆಯಾ" ಅಂದರೆ ಇವೆರಡರ ಪ್ರಿಂಟ್ ಜೊತೆಗಿರಲಿ.

ವಿಂಡೋಸ್ 10 ನಿಂತುಹೋಯಿತಂತೆ. ನಮ್ಮ ಯಂತ್ರಗಳೆಲ್ಲ ಎಸೆಯಬೇಕಾ?

ಈಗ ಬರುವ ಫೋನುಗಳಲ್ಲಿ ಅರ್ಧದಷ್ಟು ಇದೇ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ ನಿಂತಿದೆ. ಯಂತ್ರ ಆನ್ ಆಗುತ್ತದೆ, ಕೆಲಸವೂ ಮಾಡುತ್ತದೆ, ಆದರೆ ಹೊಸ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಕೇಳುತ್ತದೆ. ನಮ್ಮ ಶಾಲೆಗಳಲ್ಲಿರುವುದು ಮೂರನೇ, ನಾಲ್ಕನೇ ತಲೆಮಾರಿನ ಐ3ಗಳು.

ಎಸೆಯಬೇಕಿಲ್ಲ, ಎರಡು ದಾರಿಗಳಿವೆ. ಒಂದು, ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಕೊಡುವ ವಿಸ್ತರಿತ ಅಪ್‌ಡೇಟ್. ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಅಸಲಿ ಲೈಸೆನ್ಸ್ ಇರಬೇಕು, ಶಾಲೆಯ ಹೆಸರಿನಲ್ಲಿ ವಾಲ್ಯೂಮ್ ಲೈಸೆನ್ಸಿಂಗ್ (ಲೈಸೆನ್ಸ್‌ಗಳನ್ನು ಒಟ್ಟಿಗೆ ಕೊಳ್ಳುವ) ಖಾತೆಯೂ ಇರಬೇಕು. ಇವೆಲ್ಲ ನಿಮ್ಮಲ್ಲಿದ್ದರೆ ಅದು ನಿಜಕ್ಕೂ ಅಗ್ಗ. ಮೂರು ವರ್ಷಕ್ಕೆ ನಿಲ್ಲುತ್ತದೆ ಎಂಬುದನ್ನು ಮರೆಯಬೇಡಿ. ಇನ್ನೊಂದು ದಾರಿ ಲಿನಕ್ಸ್.

ಯಾವ ಲಿನಕ್ಸ್? ನೂರಾರು ಇವೆಯಂತೆ, ತಲೆ ಕೆಡುತ್ತದೆ.

ಕೆಡಿಸಿಕೊಳ್ಳಬೇಡಿ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ಇದ್ದರೆ ಲುಬುಂಟು. 8 ಜಿಬಿ ಇದ್ದರೆ ನೇರ ಉಬುಂಟು, ಅಥವಾ ಶಾಲೆಗೆಂದೇ ಕಟ್ಟಿದ ಎಡುಬುಂಟು. ಅಂತರ್ಜಾಲದಲ್ಲಿ ಹುಡುಗರು "ಇದಕ್ಕಿಂತ ಅದು ವೇಗ" ಅಂತ ಜಗಳವಾಡುವುದನ್ನು ಓದುತ್ತಾ ಕೂತರೆ ಒಂದು ಶೈಕ್ಷಣಿಕ ವರ್ಷ ಮುಗಿಯುತ್ತದೆ. ಎಲ್ಲ ಯಂತ್ರಕ್ಕೂ ಒಂದೇ ಹಾಕಿ, ಅದು ಮುಖ್ಯ.

ತೀರಾ ಹಳೆಯ 32 ಬಿಟ್ ಯಂತ್ರಗಳನ್ನು ಬಿಟ್ಟುಬಿಡಿ. ಡೆಬಿಯನ್ ಎಂಬ ಲಿನಕ್ಸ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಿಂದ ಅವಕ್ಕೆ ಇನ್‌ಸ್ಟಾಲರ್ ಕೊಡುತ್ತಿಲ್ಲ.

ಹಾಕುವ ಮೊದಲು ಎರಡು ಕೆಲಸ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ; ಐದು ನಿಮಿಷ ತೆಗೆದುಕೊಂಡು ಏಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಏಳುತ್ತದೆ. ಇದು ಲಿನಕ್ಸ್‌ನ ಮಹಿಮೆಯಲ್ಲ, ಎಸ್‌ಎಸ್‌ಡಿಯದು. ವಿಂಡೋಸ್ ಇದ್ದರೂ ಅಷ್ಟೇ ಆಗುತ್ತದೆ. ಎರಡನೆಯದು, ಮದರ್‌ಬೋರ್ಡ್ ಮೇಲಿನ ಸಿಆರ್ 2032 ಬಟನ್ ಸೆಲ್. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಕರೆಂಟಿಲ್ಲದೆ ಬಿದ್ದಿದ್ದ ಯಂತ್ರದಲ್ಲಿ ಈ ಸೆಲ್ ಸತ್ತಿರುತ್ತದೆ. ಆನ್ ಮಾಡಿದರೆ ದಿನಾಂಕ ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ರೌಸರ್‌ನಲ್ಲಿ ಯಾವ ತಾಣವೂ ತೆರೆಯುವುದಿಲ್ಲ, ತಾಣದ ಭದ್ರತಾ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ ಎಂದು ಯಂತ್ರ ತಿಳಿಯುತ್ತದೆ. "ನೆಟ್ ಹೋಗಿದೆ ಸಾರ್" ಅಂತ ಮುಚ್ಚಿಟ್ಟ ಲ್ಯಾಬ್‌ಗಳಲ್ಲಿ ಕೆಲವಕ್ಕೆ ಬೇಕಿದ್ದದ್ದು ಐವತ್ತು ರೂಪಾಯಿಯೊಳಗಿನ ಈ ಸೆಲ್ ಮಾತ್ರ.

ಅಂಗಡಿಯವನು ಐನೂರು ರೂಪಾಯಿಗೆ ವಿಂಡೋಸ್, ಆಫೀಸ್ ಎಲ್ಲ ಹಾಕಿಕೊಡುತ್ತಾನಲ್ಲ?

ಹಾಕಿಕೊಡುತ್ತಾನೆ. ಕೀ ಕೇಳದ ಹಾಗೆ ಮಾಡುವ ಆಕ್ಟಿವೇಟರ್ ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡುತ್ತಾನೆ, ಅದು ಆಫ್ ಆಗಿಯೇ ಉಳಿಯುತ್ತದೆ. ಮಾರನೇ ವಾರ ಪ್ರಶ್ನೆಪತ್ರಿಕೆಯ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗಿ ಬರುತ್ತದೆ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರುತ್ತವೆ. ಆ ಪೆನ್‌ಡ್ರೈವ್ ಲ್ಯಾಬಿನ ಪ್ರತಿ ಯಂತ್ರಕ್ಕೂ ಒಂದು ಸುತ್ತು ಬಂದ ಮೇಲೆ ಮತ್ತೆ ಅಂಗಡಿಯವನಿಗೇ ಫೋನು, ಮತ್ತೆ ಯಂತ್ರಕ್ಕೆ ಐನೂರು. ಅವನ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಅವನನ್ನು ದೂರುವುದಕ್ಕಿಲ್ಲ, ಕರೆಯುವವರು ನಾವೇ ತಾನೇ.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಕಳ್ಳ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸಿದರೆ ಏಳು ದಿನಕ್ಕೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲ ಎಂದಾದರೆ ನ್ಯಾಯಾಲಯ ಸೆರೆ ಬಿಟ್ಟು 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಶುಲ್ಕ ತೆಗೆದುಕೊಳ್ಳುವ ಖಾಸಗಿ ಶಾಲೆ ಆ ರಿಯಾಯಿತಿ ಕೇಳಿದರೆ ಸಿಗುತ್ತದೆಂದು ನಾನಂತೂ ನೆಚ್ಚಿಕೊಳ್ಳುವುದಿಲ್ಲ.

ಗೂಗಲ್ ಕ್ಲಾಸ್‌ರೂಮ್ ಬಿಟ್ಟಿ ಇದೆ. ಅದನ್ನೇ ಬಳಸಿದರೆ ಸಾಲದೇ?

ಬಳಸಿ, ಒಳ್ಳೆಯದೇ. ಬಿಟ್ಟಿಯ ಷರತ್ತನ್ನು ಕೊಡುವವರು ಬದಲಿಸಬಹುದು ಎಂಬುದಷ್ಟು ನೆನಪಿರಲಿ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯೇ ಇಲ್ಲದೆ ಕೊಡುತ್ತಿದ್ದ, ಕಡತ ಇಡುವ ಜಾಗವನ್ನು ಗೂಗಲ್ 2021ರಲ್ಲಿ ಹಿಂತೆಗೆದುಕೊಂಡು, 2022ರ ಜುಲೈಯಿಂದ ಸಂಸ್ಥೆಗೆ ಒಟ್ಟು 100 ಟಿಬಿ ಎಂದಿತು. ಹಳ್ಳಿ ಶಾಲೆಗೆ 100 ಟಿಬಿ ತುಂಬಿಸಲು ಆಗುವುದೇ ಇಲ್ಲ, ಆ ಮಾತು ಬೇರೆ. ವಿಶ್ವವಿದ್ಯಾಲಯಗಳು ಮಾತ್ರ ಪರದಾಡಿದವು. ಆನ್‌ಲೈನ್ ತರಗತಿಗೆ ಬಳಸುವ ಮೂಡಲ್ ಎಂಬ ಓಪನ್ ಸೋರ್ಸ್ ತಂತ್ರಾಂಶವನ್ನು ನಿಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಂಡರೆ ಇಂಥ ಭಯವಿಲ್ಲ, ಬದಲಿಗೆ ಸರ್ವರ್ ನೋಡಿಕೊಳ್ಳುವ ತಲೆನೋವು. ಇನ್ನೂರು ಮಕ್ಕಳ ಶಾಲೆಗೆ ನಾನು ಮೂಡಲ್ ಶಿಫಾರಸು ಮಾಡುವುದಿಲ್ಲ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ದೀಕ್ಷಾ ಇದೆಯಲ್ಲ, ಅದು ನಿಂತಿರುವುದು ಬೆಂಗಳೂರಿನ ಏಕ್‌ಸ್ಟೆಪ್ ಕಟ್ಟಿದ ಸನ್‌ಬರ್ಡ್ ಎಂಬ ಓಪನ್ ಸೋರ್ಸ್ ತಂತ್ರಾಂಶದ ಮೇಲೆ. "ಓಪನ್ ಸೋರ್ಸ್ ನಮಗೆ ಹೊಸದು" ಅನ್ನುವ ಶಿಕ್ಷಕರು ಅದನ್ನು ಆಗಲೇ ಬಳಸುತ್ತಿರುತ್ತಾರೆ.

ಕನ್ನಡ ಟೈಪಿಂಗ್ ಹೇಗೆ? ನಮಗೆ ನುಡಿ ಬಿಟ್ಟರೆ ಬರುವುದಿಲ್ಲ.

ನಿಜವಾದ ಅಡ್ಡಿ ಇರುವುದು ಇಲ್ಲಿ. ಎಷ್ಟೋ ಶಾಲೆ ವಿಂಡೋಸ್‌ಗೆ ಅಂಟಿಕೊಂಡಿರುವುದು ವಿಂಡೋಸ್ ಮೇಲಿನ ಪ್ರೀತಿಯಿಂದಲ್ಲ, ನುಡಿಯಿಂದ.

ಇದರಲ್ಲಿ ಎರಡು ವಿಷಯ ಕಲೆಸಿಹೋಗಿವೆ, ಬಿಡಿಸಿ ನೋಡಿ. ನಿಮ್ಮ ಬೆರಳಿಗೆ ಅಭ್ಯಾಸವಾಗಿರುವುದು ಕೀಲಿಮಣೆಯ ವಿನ್ಯಾಸ. ಅದು ಲಿನಕ್ಸ್‌ನಲ್ಲಿ ಆಗಲೇ ಇದೆ: ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸುವಾಗ 'ಕಗಪ' ಎಂದಿರುವುದನ್ನು ಆರಿಸಿ. ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್ ಮೂಲಕವೂ ಅದೇ ವಿನ್ಯಾಸ ಸಿಗುತ್ತದೆ. ಟೈಪಿಸ್ಟ್ ಮೇಡಂ ಒಬ್ಬರಿಗೆ ಇದನ್ನು ಹಾಕಿಕೊಟ್ಟು ಪಕ್ಕಕ್ಕೆ ನಿಂತೆ. "ಅಷ್ಟೇನಾ?" ಅಂದವರು ನಾನಿರುವಾಗಲೇ ಅರ್ಧ ಪುಟದ ಸುತ್ತೋಲೆ ಮುಗಿಸಿದರು. ಒತ್ತಕ್ಷರಕ್ಕೆ ಎಫ್ ಒತ್ತುವುದೂ ಹಾಗೇ ಇದೆ.

ತೊಂದರೆ ಇರುವುದು ಹಳೆಯ ಕಡತಗಳಲ್ಲಿ. 'ನುಡಿ 01 ಇ' ಥರದ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಯೂನಿಕೋಡ್ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ನೋಡುವುದಕ್ಕಷ್ಟೇ ಆದರೆ ಆ ಫಾಂಟಿನ ಕಡತವನ್ನು ಲಿನಕ್ಸ್‌ಗೂ ಹಾಕಿಕೊಳ್ಳಿ, ಎಂಎಸ್ ಆಫೀಸ್‌ಗೆ ಬದಲಿಯಾದ ಮುಕ್ತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಕನ್ನಡವಾಗಿಯೇ ಕಾಣುತ್ತದೆ. ತಿದ್ದಬೇಕೆಂದರೆ ಯೂನಿಕೋಡ್‌ಗೆ ಪರಿವರ್ತಿಸಿ. ಸಂಚಯ ತಂಡದವರ ಪರಿವರ್ತಕ ಅಂತರ್ಜಾಲದಲ್ಲಿ ಬಿಟ್ಟಿಯಾಗಿದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಅಂಕಪಟ್ಟಿ, ದಾಖಲಾತಿ ವಿವರಗಳಿದ್ದರೆ ಮೂಲ ಕಡತವನ್ನೂ ಜೋಪಾನವಾಗಿಡಿ.

ಫಾಂಟ್ ಚೆಂದ ಇಲ್ಲ ಅನ್ನುವ ದೂರು ಹಿಂದೆ ಇತ್ತು. ಈಗ ಲೋಹಿತ್, ನೋಟೊ ಅಲ್ಲದೆ ಗುಬ್ಬಿ, ನವಿಲು ಫಾಂಟ್‌ಗಳೂ ಡೆಬಿಯನ್, ಉಬುಂಟು ಭಂಡಾರದಲ್ಲೇ ಇವೆ.

ಎಂಎಸ್ ಆಫೀಸ್ ಕಲಿಯದಿದ್ದರೆ ನಾಳೆ ಮಕ್ಕಳಿಗೆ ಕೆಲಸ ಸಿಗುತ್ತದಾ?

ಪೋಷಕರ ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು, ತಳ್ಳಿಹಾಕುವಂಥದ್ದೂ ಅಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯ ಐಟಿ ವಿಷಯ, ಸಂಕೇತ 402, ಲಿಬ್ರೆಆಫೀಸ್ ಮೇಲೆಯೇ ಇದೆ. ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆ ನಡೆಸುವ, ಕಂಪ್ಯೂಟರ್ ಮೂಲಜ್ಞಾನದ ಸಿಸಿಸಿ ಪರೀಕ್ಷೆಯ ಪಠ್ಯವೂ ಲಿಬ್ರೆಆಫೀಸ್‌ಗೆ ಬದಲಾಗಿದೆ. ಇನ್ನೊಂದು ಕಡೆ, ನಮ್ಮ ರಾಜ್ಯ ಸರ್ಕಾರಿ ನೌಕರರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ಓದುವವರು ಈಗಲೂ ಎಂಎಸ್ ಆಫೀಸ್, ನುಡಿ ಎರಡನ್ನೂ ಕಲಿಯುತ್ತಾರೆ. ಹಾಗಾಗಿ ಡಿಗ್ರಿ ಮುಗಿಸಿ ಕೆಲಸ ಹುಡುಕುವವರಿಗೆ ಎಂಎಸ್ ಆಫೀಸ್ ಪರಿಚಯ ಬೇಕು. ಆರನೇ ತರಗತಿಯ ಮಗುವಿಗೆ ಬೇಕಿಲ್ಲ. ಆ ಮಗು ಕೆಲಸಕ್ಕೆ ಸೇರುವ ಹೊತ್ತಿಗೆ ಇವತ್ತಿನ ಮೆನು ಯಾವುದೂ ಇದ್ದ ಜಾಗದಲ್ಲಿರುವುದಿಲ್ಲ. 2007ರ ಆಫೀಸ್ ಬಂದಾಗ ಮೆನುವನ್ನೆಲ್ಲ ಕಿತ್ತು ರಿಬ್ಬನ್ ಮಾಡಿದ್ದರು, ಕಲಿತವರೆಲ್ಲ ಮತ್ತೊಮ್ಮೆ ಕಲಿಯಬೇಕಾಯಿತು.

ಪಾಠಕ್ಕೆ ಏನು ಉಪಯೋಗ? ಟೈಪಿಂಗ್, ಪೇಂಟ್ ಅಷ್ಟೇನಾ?

ಅಷ್ಟೇ ಆದರೆ ಲ್ಯಾಬೇ ಬೇಡ. ಗಣಿತದ ಮೇಷ್ಟ್ರಿಗೆ ಜಿಯೋಜಿಬ್ರಾ ಒಂದು ಸಾಕು. ವೃತ್ತ ಎಳೆಯಿರಿ, ಅರ್ಧವೃತ್ತದ ಮೇಲೆ ಒಂದು ಬಿಂದು ಇಟ್ಟು ವ್ಯಾಸದ ಎರಡು ತುದಿಗೂ ಸೇರಿಸಿ, ಕೋನ ಅಳೆಯಿರಿ: 90. ಆ ಬಿಂದುವನ್ನು ಮೌಸಿನಲ್ಲಿ ಹಿಡಿದು ಅರ್ಧವೃತ್ತದ ಮೇಲೆ ಅತ್ತಿತ್ತ ಎಳೆದರೆ ತ್ರಿಕೋನ ಬದಲಾಗುತ್ತದೆ, 90 ಮಾತ್ರ 90 ಆಗಿಯೇ ನಿಲ್ಲುತ್ತದೆ. ಕಪ್ಪು ಹಲಗೆಯ ಮೇಲೆ ಇದನ್ನು ತೋರಿಸಲು ಆಗುವುದಿಲ್ಲ. ಎಳೆಯುತ್ತಾ ಎಳೆಯುತ್ತಾ "ವ್ಯಾಸದ ತುದಿಗೆ ತಂದರೆ?" ಅಂತ ಹುಡುಗರೇ ಕೇಳುತ್ತಾರೆ, ಆಗ ಪಾಠ ಶುರು. (ಜಿಯೋಜಿಬ್ರಾಕ್ಕೆ ವಾಣಿಜ್ಯ ಬಳಕೆಯ ಮೇಲೆ ನಿರ್ಬಂಧವಿದೆ, ಹಾಗಾಗಿ ಅದು ಪೂರ್ತಿ ಮುಕ್ತವಲ್ಲ ಎನ್ನುವ ಮಡಿವಂತರಿದ್ದಾರೆ. ಶಾಲೆಗೆ ತೊಂದರೆಯಿಲ್ಲ.)

ವಿಜ್ಞಾನಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಪರದೆಯ ಮೇಲಿನ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲೇ ಇವೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ಆಕಾಶಕ್ಕೆ ಸ್ಟೆಲ್ಲೇರಿಯಂ, ಆವರ್ತ ಕೋಷ್ಟಕಕ್ಕೆ ಕಾಲ್ಜಿಯಂ, ಚಿಕ್ಕವರಿಗೆ ಜಿಕಾಂಪ್ರಿ ಮತ್ತು ಟಕ್ಸ್ ಪೇಂಟ್. ಶಿಕ್ಷಕರು ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ, ಕನ್ನಡ ಧ್ವನಿಯಲ್ಲೂ ಇವೆ.

ಕಚೇರಿ ಯಂತ್ರವನ್ನೂ ಬದಲಿಸಬೇಕಾ? ಪ್ರಿಂಟರ್ ಕೆಲಸ ಮಾಡುತ್ತದಾ?

ಕಚೇರಿಯ ಒಂದು ಯಂತ್ರವನ್ನು ಅಸಲಿ ವಿಂಡೋಸ್‌ನಲ್ಲೇ ಬಿಡಿ. ಮಕ್ಕಳ ದಾಖಲಾತಿಯ ಸ್ಯಾಟ್ಸ್, ಶಾಲೆಯ ಅಂಕಿಅಂಶದ ಯುಡೈಸ್ ಎಲ್ಲ ಬ್ರೌಸರ್‌ನಲ್ಲಿ ನಡೆಯುವ ಕೆಲಸ, ಲಿನಕ್ಸ್‌ನಲ್ಲೂ ಆಗುತ್ತದೆ. ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್ ಚುಚ್ಚಿ ಸಹಿ ಮಾಡುವ ಕೆಲಸ ಬಂದಾಗ ಮಾತ್ರ ತೊಡಕು. ಟೋಕನ್‌ಗೆ ಲಿನಕ್ಸ್ ಚಾಲಕ ಇದ್ದರೂ ತಾಲ್ಲೂಕಿನಲ್ಲಿ ಹೇಳಿಕೊಡುವವರು ಸಿಗುವುದಿಲ್ಲ, ಸಂಬಳದ ಬಿಲ್ಲು ತಡವಾದರೆ ಬೈಗುಳ ಲಿನಕ್ಸ್‌ಗೆ. ಟ್ಯಾಲಿ ಬಳಸುವ ಶಾಲೆಗೂ ಇದೇ ಮಾತು.

ಪ್ರಿಂಟರ್ ವಿಷಯದಲ್ಲಿ ಎಚ್‌ಪಿಯ ಹೆಚ್ಚಿನವು ಸಿಕ್ಕಿಸಿದ ಕೂಡಲೇ ನಡೆಯುತ್ತವೆ. ನಮ್ಮ ಕಡೆ ಮೂಲೆ ಮೂಲೆಯಲ್ಲೂ ಇರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಹಟಮಾರಿ. ಆ ಪ್ರಿಂಟರ್ ಕಚೇರಿಯ ವಿಂಡೋಸ್ ಯಂತ್ರಕ್ಕೇ ಇರಲಿ, ಲ್ಯಾಬಿನಿಂದ ಪಿಡಿಎಫ್ ಮಾಡಿ ಒಯ್ಯಿರಿ.

ಇಪ್ಪತ್ತು ಯಂತ್ರದ ಲ್ಯಾಬ್‌ಗೆ ಅಂದಾಜು ಲೆಕ್ಕ ಕೊಡಿ.

ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ. ಇದು ಲೆಕ್ಕದ ರೀತಿ ತೋರಿಸಲು ಮಾತ್ರ, ಬಿಡಿಭಾಗಗಳ ಬೆಲೆ ತಿಂಗಳಿಗೊಂದು ಥರ. ಹೊಸ ಯಂತ್ರ ಒಂದಕ್ಕೆ 40,000 ಎಂದರೆ ಇಪ್ಪತ್ತಕ್ಕೆ 8 ಲಕ್ಷ. ಇರುವ ಯಂತ್ರಗಳನ್ನೇ ಎಬ್ಬಿಸಿದರೆ ಎಸ್‌ಎಸ್‌ಡಿಗೆ 40,000, ರ‍್ಯಾಮ್‌ಗೆ 20,000, ಬಟನ್ ಸೆಲ್‌ಗೆ 1,000, ಹತ್ತು ಜೊತೆ ಕೀಬೋರ್ಡ್ ಮೌಸ್‌ಗೆ 7,000, ಶಿಕ್ಷಕರ ತರಬೇತಿಗೆ 20,000, ನಾಲ್ಕು ವರ್ಷ ಯಾರಾದರೂ ಬಂದು ನೋಡಿಕೊಂಡು ಹೋಗಲು ವರ್ಷಕ್ಕೆ 12,000ದಂತೆ 48,000. ಒಟ್ಟು 1,36,000. ಉಳಿದದ್ದು 6,64,000.

ಈಗ ಚುರುಕಾದ ಸದಸ್ಯರೊಬ್ಬರು ಕೇಳುತ್ತಾರೆ: ಇದೇ ಯಂತ್ರಕ್ಕೆ ಇದೇ ಎಸ್‌ಎಸ್‌ಡಿ ಹಾಕಿ ವಿಂಡೋಸ್ 10ನ್ನೇ ಇಟ್ಟುಕೊಂಡರೆ? ಮೂರು ವರ್ಷದ ಅಪ್‌ಡೇಟ್‌ಗೆ ಯಂತ್ರಕ್ಕೆ 7 ಡಾಲರ್, ಸುಮಾರು 600 ರೂಪಾಯಿ, ಇಪ್ಪತ್ತಕ್ಕೆ 12,000. ಅವರು ಹೇಳುವುದು ಸರಿ. 6,64,000ದಲ್ಲಿ ದೊಡ್ಡ ಪಾಲು ಹಳೆಯ ಯಂತ್ರ ಉಳಿಸಿಕೊಂಡದ್ದರಿಂದ ಬಂದದ್ದು. ಆದರೆ ಆ ದಾರಿ 2028ಕ್ಕೆ ಮುಗಿಯುತ್ತದೆ, ಲಿನಕ್ಸ್ ಇದ್ದರೆ ಯಂತ್ರ ಸಾಯುವವರೆಗೂ ಎಳೆಯಬಹುದು. ಜೊತೆಗೆ ಯಂತ್ರಕ್ಕೆ 500ರಂತೆ ವರ್ಷಕ್ಕೆರಡು ಸಲ ಫಾರ್ಮ್ಯಾಟ್ ಮಾಡಿಸುತ್ತಿದ್ದ ಶಾಲೆಗೆ ವರ್ಷಕ್ಕೆ 20,000, ನಾಲ್ಕು ವರ್ಷಕ್ಕೆ 80,000 ಕೈಯಲ್ಲುಳಿಯುತ್ತದೆ. ಓಪನ್ ಸೋರ್ಸ್‌ನ ನಿಜವಾದ ಉಳಿತಾಯ ಅಂತ ನಾನು ಎದೆ ತಟ್ಟಿ ಹೇಳುವುದು ಈ ಅಂಕಿಯನ್ನು. ಹಾಂ, ನಾಲ್ಕೈದು ವರ್ಷದ ಮೇಲೆ ಹೊಸ ಯಂತ್ರ ಕೊಳ್ಳಲೇಬೇಕು. ಖರ್ಚು ಮುಂದಕ್ಕೆ ಹೋಗಿದೆ, ಮಾಯವಾಗಿಲ್ಲ.

ಕೆಟ್ಟರೆ ಯಾರು ನೋಡುತ್ತಾರೆ? ಊರಲ್ಲಿ ಲಿನಕ್ಸ್ ಬಲ್ಲವರಿಲ್ಲ.

ಇದಕ್ಕೆ ಉತ್ತರವಿಲ್ಲದೆ ಕೈ ಹಾಕಬೇಡಿ. ಲ್ಯಾಬಿನಲ್ಲಿ ಕೆಡುವುದು ಹೆಚ್ಚಾಗಿ ತಂತ್ರಾಂಶವಲ್ಲ, ವೈರು, ಯುಪಿಎಸ್ ಬ್ಯಾಟರಿ, ಸಡಿಲವಾದ ರ‍್ಯಾಮ್. ಹಾಗಾಗಿ ಇಬ್ಬರು ಶಿಕ್ಷಕರು, ನಾಲ್ಕೈದು ಮಕ್ಕಳಿಗೆ ಯಂತ್ರ ಬಿಚ್ಚಿ ರ‍್ಯಾಮ್ ತೆಗೆದು ಒರೆಸಿ ಹಾಕುವುದನ್ನು ಕಲಿಸಿ. ಒಬ್ಬರೇ ಶಿಕ್ಷಕರು ಸಾಲದು, ಅವರಿಗೆ ವರ್ಗಾವಣೆ ಆದ ದಿನ ಲ್ಯಾಬ್‌ಗೂ ವರ್ಗಾವಣೆ. ಚೆನ್ನಾಗಿ ಹೊಂದಿಸಿದ ಒಂದು ಯಂತ್ರದ ಪೂರ್ತಿ ಪ್ರತಿಯನ್ನು ಕ್ಲೋನ್‌ಜಿಲ್ಲಾದಲ್ಲಿ ಪೆನ್‌ಡ್ರೈವ್‌ಗೆ ತೆಗೆದಿಡಿ. ಯಾವ ಯಂತ್ರ ಹಾಳಾದರೂ ಅದರಿಂದ ಮೊದಲಿನಂತೆ ಮಾಡಬಹುದು. ಎಲ್ಲ ಪರದೆಗಳನ್ನೂ ಶಿಕ್ಷಕರ ಯಂತ್ರದಿಂದ ನೋಡಲು ಎಪಾಪ್ಟಿಸ್ ಎಂಬ ತಂತ್ರಾಂಶವಿದೆ, ಗ್ರೀಸ್‌ನವರು ತಮ್ಮ ಶಾಲೆಗಳಿಗಾಗಿ ಬರೆದುಕೊಂಡದ್ದು.

ಜರ್ಮನಿಯ ಮ್ಯೂನಿಕ್ ನಗರ ಲಿನಕ್ಸ್ ಬಿಟ್ಟು ವಾಪಸ್ ಹೋಯಿತಲ್ಲ?

ಹೋಯಿತು. 2003ರಲ್ಲಿ ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಯಂತ್ರ ಬದಲಿಸಿ, 2017ರಲ್ಲಿ ಹಿಂತಿರುಗುವ ತೀರ್ಮಾನ ಮಾಡಿದರು. ಅದು ನಗರಾಡಳಿತ, ಹೊರಗಿನ ಹತ್ತಾರು ಕಚೇರಿಗಳ ಜೊತೆ ದಿನವೂ ಕಡತ ಹಂಚಿಕೊಳ್ಳುವ ಜಾಗ, ರಾಜಕೀಯವೂ ಸೇರಿತ್ತು. ಶಾಲಾ ಲ್ಯಾಬ್‌ಗೆ ಆ ಗೋಜಿಲ್ಲ. ಕಚೇರಿ ಯಂತ್ರ ಬದಲಿಸಬೇಡಿ ಅಂದದ್ದು ಇದಕ್ಕೇ.

ಗ್ರಂಥಾಲಯಕ್ಕೆ?

ಕೋಹಾ ಎಂಬ ಓಪನ್ ಸೋರ್ಸ್ ಗ್ರಂಥಾಲಯ ತಂತ್ರಾಂಶ. ನ್ಯೂಜಿಲೆಂಡ್‌ನ ಒಂದು ಸಣ್ಣ ಗ್ರಂಥಾಲಯಕ್ಕಾಗಿ ಹುಟ್ಟಿದ್ದು, ನಮ್ಮಲ್ಲೂ ಎಷ್ಟೋ ಕಾಲೇಜುಗಳಲ್ಲಿದೆ. ಸಾವಿರಕ್ಕಿಂತ ಕಡಿಮೆ ಪುಸ್ತಕವಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್‌ನ ಒಂದು ಹಾಳೆ ಸಾಕು.

ಪಿಯು ಲ್ಯಾಬ್‌ನಲ್ಲಿ ಟರ್ಬೊ ಸಿ++ ಬೇಕು ಅಂತಾರೆ ಉಪನ್ಯಾಸಕರು.

ಆ ನೀಲಿ ಪರದೆಯ ಮೋಹ ಹೋಗುವುದು ಕಷ್ಟ. 1990ರ ದಶಕದ ಆ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಈಗ ವಿಂಡೋಸ್‌ನಲ್ಲೂ ಹಳೆಯ ಡಾಸ್ ತಂತ್ರಾಂಶ ಓಡಿಸುವ ಡಾಸ್‌ಬಾಕ್ಸ್ ಒಳಗೇ ಓಡುವುದು, ಲಿನಕ್ಸ್‌ನಲ್ಲೂ ಡಾಸ್‌ಬಾಕ್ಸ್ ಇದೆ. ಲಿನಕ್ಸ್‌ನ ಕಂಪೈಲರ್ ಆದ ಜಿಸಿಸಿಗೆ ಬದಲಾಗುವುದಾದರೆ ಹಳೆಯ ಪ್ರೋಗ್ರಾಂಗಳಲ್ಲಿ ಐಒಸ್ಟ್ರೀಮ್ ಮುಂದಿನ 'ಡಾಟ್ ಎಚ್' ತೆಗೆದು, 'ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ' ಸಾಲು ಸೇರಿಸಿ, ಕೊನಿಯೊ, ಸಿಎಲ್‌ಆರ್‌ಎಸ್‌ಸಿಆರ್, ಗೆಟ್‌ಸಿಎಚ್ ಸಾಲುಗಳನ್ನು ಅಳಿಸಿ, 'ವಾಯ್ಡ್ ಮೇನ್' ಇದ್ದಲ್ಲಿ 'ಇಂಟ್ ಮೇನ್' ಬರೆಯಿರಿ. ಹೆಚ್ಚಿನ ರೆಕಾರ್ಡ್ ಪ್ರೋಗ್ರಾಂಗಳು ಇಷ್ಟಕ್ಕೇ ಓಡುತ್ತವೆ. ಪೈಥಾನ್ ಕಲಿಸುವುದಾದರೆ ಥಾನಿ ಎಂಬ ತಂತ್ರಾಂಶ ಹಾಕಿಕೊಡಿ, ಬೇರೇನೂ ಹೊಂದಿಸಬೇಕಿಲ್ಲ.

ಯಾವಾಗ ಶುರು ಮಾಡಬೇಕು?

ಏಪ್ರಿಲ್ ರಜೆಗೆ. ಪರೀಕ್ಷೆ ಹತ್ತಿರ ಇರುವಾಗ ಬೇಡವೇ ಬೇಡ. ಮೊದಲು ಎರಡು ಯಂತ್ರಕ್ಕೆ ಹಾಕಿ, ಅದರಲ್ಲೊಂದನ್ನು ಸ್ಟಾಫ್ ರೂಮಿನಲ್ಲಿಡಿ. ಒಂದು ತಿಂಗಳು ಶಿಕ್ಷಕರು ಏನೇನು ಗೊಣಗುತ್ತಾರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಆ ನೋಟ್‌ಬುಕ್ ಕೈಯಲ್ಲಿ ಹಿಡಿದು ನಮ್ಮಂಥವರಿಗೆ ಫೋನ್ ಮಾಡಿ, ಉಳಿದ ಹದಿನೆಂಟನ್ನು ಹೇಗೆ ಹೊಂದಿಸಬೇಕೆಂದು ಅದರಲ್ಲೇ ಇರುತ್ತದೆ.